ಇಲ್ಲದ ಮಂಜು, ಇರುವ ಕಾಡು

(ಪರಿಸರ ಛಾಯಾಚಿತ್ರ ಶಿಬಿರದಲ್ಲಿ ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಮಂಜಿನ ಬಗ್ಗೆ ಮಲೆನಾಡಿನವರಿಗೆ ಹೇಳಹೊರಡುವುದು ಮೀನಿಗೆ ಈಜು ಕಲಿಸಿದಂತೆ. ಆದರೂ ಇಂದಿನ ವಿಷಯ ಮಂಜೇ. ಅದರಲ್ಲಿಯೂ ಕಾಡಿನಲ್ಲಿ ಇಲ್ಲದ, ಚಿತ್ರದಲ್ಲಿ ಮಾತ್ರ ಇರುವ ಮಂಜು.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಕಾಲೇಜಿಗೆ ಹೋಗುವ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಮನೆಯ ಹಿಂದಿನ ಕಾಡುದಾರಿಯ ಚಿತ್ರವನ್ನು ಅಜ್ಜನಿಗೆ ತೋರಿಸುತ್ತಾನೆ. ಮರಗಳ ನಡುವೆ ಹಾಲು ಚೆಲ್ಲಿದಂತೆ ಮಂಜು. ಅಜ್ಜ ಕನ್ನಡಕ ಸರಿಪಡಿಸಿಕೊಂಡು ನೋಡುತ್ತಾರೆ.

"ಚಂದ ಬಂದಿದೆ ಮಾರಾಯ. ಯಾವತ್ತು ತೆಗೆದದ್ದು?"

"ನಿನ್ನೆ ಅಜ್ಜ."

"ನಿನ್ನೆ ಮಂಜು ಎಲ್ಲಿತ್ತೋ? ನೋಡು, ಮರದ ನೆರಳು ನೆಲದ ಮೇಲೆ ಕತ್ತರಿಸಿ ಇಟ್ಟ ಹಾಗೆ ಬಿದ್ದಿದೆ. ಇಷ್ಟು ಮಂಜಿದ್ದರೆ ಹೀಗೆ ನೆರಳು ಬೀಳ್ತದಾ?"

ಹುಡುಗ ನಕ್ಕು ಒಪ್ಪಿಕೊಳ್ಳುತ್ತಾನೆ. ಮಂಜು ಕಂಪ್ಯೂಟರಿನಲ್ಲಿ ಸೇರಿಸಿದ್ದು. ಅಜ್ಜನಿಗೆ ಯಾವ ತಂತ್ರಾಂಶದ ಹೆಸರೂ ಗೊತ್ತಿಲ್ಲ. ಆದರೆ ಮಂಜು ಗೊತ್ತು. ಈ ಉಪನ್ಯಾಸದ ಸಾರವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ. ಹುಸಿಮಂಜನ್ನು ಚೆನ್ನಾಗಿ ಕಟ್ಟಬೇಕಾದವನಿಗೆ ನಿಜವಾದ ಮಂಜಿನ ಸ್ವಭಾವ ತಿಳಿದಿರಬೇಕು. ಹುಸಿಯನ್ನು ಗುರುತಿಸಬೇಕಾದವನಿಗೂ ಅದೇ ತಿಳಿದಿರಬೇಕು. ಕಟ್ಟುವುದು ಎಲ್ಲಿ ಕಲೆ, ಎಲ್ಲಿ ಮೋಸ ಎಂಬುದು ಅದರ ಮುಂದಿನ ಪ್ರಶ್ನೆ.

ಮಂಜು ಎಂದರೇನು

ಹುಲ್ಲಿನ ತುದಿಯಲ್ಲಿ ನಿಲ್ಲುವ ಹನಿ ಇಬ್ಬನಿ. ಗಾಳಿಯಲ್ಲಿ ತೇಲುವ ಹನಿಗಳ ಸಮೂಹ ಮಂಜು. ಈ ಹನಿಗಳು ಅತಿ ಸೂಕ್ಷ್ಮ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ, ಅಂತಹ ಕೆಲವು ಪಾಲುಗಳಿಂದ ಕೆಲವು ಹತ್ತು ಪಾಲುಗಳಷ್ಟು ಮಾತ್ರ ಅಗಲ. ಒಂದು ಘನಮೀಟರ್ ಮಂಜಿನಲ್ಲಿರುವ ನೀರು ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತಲೂ ಕಡಿಮೆ. ಇಷ್ಟು ಅಲ್ಪ ನೀರು ಇಡೀ ಬೆಟ್ಟವನ್ನು ಮರೆಮಾಡುತ್ತದೆ ಎಂಬುದೇ ಬೆರಗಿನ ಸಂಗತಿ. ಹವಾಮಾನ ಶಾಸ್ತ್ರದ ಲೆಕ್ಕದಲ್ಲಿ 1,000 ಮೀಟರಿಗಿಂತ ಹತ್ತಿರದ ವಸ್ತುವೂ ಕಾಣದಂತಾದರೆ ಅದು ಮಂಜು. ಅದಕ್ಕಿಂತ ದೂರ ಕಾಣುವಂತಿದ್ದರೆ ತೆಳುಮಂಜು.

ಮಲೆನಾಡಿನಲ್ಲಿ ಎರಡು ಬಗೆಯ ಮಂಜನ್ನು ಸ್ಪಷ್ಟವಾಗಿ ಬೇರ್ಪಡಿಸಬಹುದು. ಮೊದಲನೆಯದು ಚಳಿಗಾಲದ ಕಣಿವೆ ಮಂಜು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಗದ್ದೆಬಯಲಿಗೂ ತೋಟದ ತಗ್ಗಿಗೂ ಬಂದು ಸೇರುತ್ತದೆ. ಅಲ್ಲಿಯ ತೇವ ಹನಿಗಟ್ಟುತ್ತದೆ. ಈ ಮಂಜು ಕೆರೆಯ ನೀರಿನಂತೆ ಸಮತಟ್ಟಾಗಿ ನಿಲ್ಲುತ್ತದೆ. ಗುಡ್ಡದ ಮೇಲೆ ನಿಂತವರಿಗೆ ಅದರ ಮೇಲ್ಮೈ ಕಾಣುತ್ತದೆ. ಬಿಸಿಲೇರಿದಂತೆ ಕರಗುತ್ತದೆ.

ಎರಡನೆಯದು ಮಳೆಗಾಲದ ಗಿರಿಮಂಜು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲೇರಬೇಕಾಗುತ್ತದೆ. ಏರುವ ಗಾಳಿ ತಣಿಯುತ್ತದೆ. ತೇವ ತುಂಬುವ ತನಕ ಪ್ರತಿ ಕಿಲೋಮೀಟರ್ ಏರಿಕೆಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ. ಒಂದು ಎತ್ತರದಲ್ಲಿ ಮೋಡ ಹುಟ್ಟುತ್ತದೆ. ಕರಾವಳಿಯಿಂದ ನೋಡುವವರಿಗೆ ಅದು ಬೆಟ್ಟಕ್ಕೆ ತಗುಲಿದ ಮೋಡ; ಕುದುರೆಮುಖದ ನೆತ್ತಿಯಲ್ಲೋ ಚಾರ್ಮಾಡಿಯ ತಿರುವಿನಲ್ಲೋ ನಿಂತವರಿಗೆ ಮಂಜು. ಇದು ನಿಲ್ಲುವುದಿಲ್ಲ, ಹರಿಯುತ್ತದೆ, ಮರಗಳ ನಡುವೆ ನುಗ್ಗಿ ಏರುತ್ತದೆ, ಕ್ಷಣದಲ್ಲಿ ಬಿಚ್ಚಿ ಕ್ಷಣದಲ್ಲಿ ಮುಚ್ಚುತ್ತದೆ. ಚಿತ್ರಕ್ಕೆ ಮಂಜು ಸೇರಿಸಹೊರಡುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಜಾಗದಲ್ಲಿ, ಈ ಋತುವಿನಲ್ಲಿ ಬರಬಹುದಾದ ಮಂಜು ಯಾವುದು?

ಮಂಜು ಬೆಳಕಿಗೆ ಮಾಡುವುದೇನು

ದೂರದ ಬೆಟ್ಟ ನೀಲಿಯಾಗಿ ಕಾಣುತ್ತದೆ, ಮಂಜು ಬೆಳ್ಳಗೆ ಕಾಣುತ್ತದೆ. ಎರಡೂ ಗಾಳಿಯ ಆಟವೇ ಆದರೂ ಕಾರಣ ಬೇರೆ. ಗಾಳಿಯ ಅಣುಗಳಂತಹ ಅತಿ ಚಿಕ್ಕ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕೆ ಹೋಲಿಸಿದರೆ ಬಹಳ ದೊಡ್ಡವು. ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಆದುದರಿಂದ ಮಂಜಿಗೆ ತನ್ನದೇ ಬಣ್ಣವಿಲ್ಲ. ಅದು ಆಕಾಶದ ಬಣ್ಣವನ್ನು ಸಾಲ ಪಡೆಯುತ್ತದೆ. ಬೆಳಗಿನ ನೆರಳಿನಲ್ಲಿ ಬೂದುನೀಲಿ, ಸೂರ್ಯ ಮೂಡಿದಾಗ ಹೊಂಬಣ್ಣ, ಮಳೆಮೋಡದಡಿ ಬರಿಯ ಬೂದು.

ದೂರದ ಮರದಿಂದ ಕಣ್ಣಿಗೆ ಬರುವ ಬೆಳಕಿಗೆ ಮಂಜು ಎರಡು ಕೆಲಸ ಮಾಡುತ್ತದೆ. ಮರದಿಂದ ಹೊರಟ ಬೆಳಕಿನಲ್ಲಿ ಒಂದು ಪಾಲನ್ನು ದಾರಿಯಲ್ಲೇ ಚದುರಿಸಿ ಕಳೆಯುತ್ತದೆ. ಅದೇ ಹೊತ್ತಿಗೆ ಆಕಾಶದಿಂದ ಬಂದ ಬೆಳಕನ್ನು ಕಣ್ಣಿನತ್ತ ತಿರುಗಿಸಿ ಸೇರಿಸುತ್ತದೆ. ಹೀಗಾಗಿ ಕಪ್ಪು ಕಾಂಡ ಮೊದಲು ಬೂದಾಗುತ್ತದೆ, ಆಮೇಲೆ ಬಿಳಿಚುತ್ತದೆ, ಕೊನೆಗೆ ಮಂಜಿನ ಬಣ್ಣದಲ್ಲಿ ಲೀನವಾಗುತ್ತದೆ. ಈ ನಿಯಮವನ್ನು 1924ರಲ್ಲಿ ಕೋಶ್‌ಮೀಡರ್ ಎಂಬ ವಿಜ್ಞಾನಿ ಗಣಿತದ ರೂಪದಲ್ಲಿ ಮಂಡಿಸಿದರು.

ಅದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 500 ಮೀಟರ್ ದೂರದವರೆಗೆ ಮಾತ್ರ ಕಾಣುವ ಮಂಜು ಕವಿದಿದೆ ಎಂದು ಭಾವಿಸೋಣ. ಆಗ 100 ಮೀಟರ್ ದೂರದ ಮರದ ಕಪ್ಪು-ಬಿಳುಪಿನ ವ್ಯತ್ಯಾಸದಲ್ಲಿ ಸುಮಾರು ಶೇ. 46ರಷ್ಟು ಉಳಿಯುತ್ತದೆ. 200 ಮೀಟರಿನಲ್ಲಿ ಶೇ. 21. 300 ಮೀಟರಿನಲ್ಲಿ ಶೇ. 10. 500 ಮೀಟರಿನಲ್ಲಿ ಬರಿಯ ಶೇ. 2, ಅದಕ್ಕಿಂತ ಕಡಿಮೆಯಾದರೆ ಕಣ್ಣಿಗೆ ಗುರುತಾಗುವುದಿಲ್ಲ. ಗಮನಿಸಬೇಕಾದುದು, ಪ್ರತಿ 100 ಮೀಟರಿಗೂ ಒಂದೇ ಪ್ರಮಾಣ ಕಳೆಯುವುದಿಲ್ಲ. ಉಳಿದದ್ದರಲ್ಲಿ ಒಂದೇ ಪಾಲು ಕಳೆಯುತ್ತದೆ. ಹತ್ತಿರದಲ್ಲಿ ಬೇಗ ಮಾಸಿ, ದೂರದಲ್ಲಿ ಮೆಲ್ಲಗೆ ಕರಗುವ ಈ ನಡೆಯೇ ಮಂಜಿಗೆ ಆಳವನ್ನು ಕೊಡುವುದು.

ಗಣಕಯಂತ್ರದಲ್ಲಿ ಮಂಜು ಕಟ್ಟುವ ಬಗೆ

ಇಷ್ಟು ತಿಳಿದ ಮೇಲೆ ಚಿತ್ರದಲ್ಲಿ ಮಂಜು ಕಟ್ಟುವ ಕೆಲಸ ಸರಳವಾಗುತ್ತದೆ. ಹಣ ಕೊಟ್ಟು ಪಡೆಯುವ ಫೋಟೋಶಾಪ್‌ನಲ್ಲಿಯೂ, 1996ರಿಂದ ಉಚಿತವಾಗಿ ದೊರೆಯುತ್ತಿರುವ ಗಿಂಪ್‌ನಲ್ಲಿಯೂ ವಿಧಾನ ಒಂದೇ.

ಮೊದಲು ಚಿತ್ರದ ಆಯ್ಕೆ. ಮೋಡ ಕವಿದ ದಿನ ತೆಗೆದ, ಗಾಢ ನೆರಳಿಲ್ಲದ ಚಿತ್ರವೇ ಬೇಕು. ನಡುಹಗಲ ಬಿಸಿಲಿನ ಚಿತ್ರಕ್ಕೆ ಎಷ್ಟು ಮಂಜು ಬಳಿದರೂ ಅಜ್ಜನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹತ್ತಿರ, ನಡು, ದೂರ ಎಂಬ ಮೂರು ಅಂತರಗಳಲ್ಲಿ ಮರಗಳಿರುವ ಚಿತ್ರವಾದರೆ ಉತ್ತಮ.

ಎರಡನೆಯದು ದೂರದ ನಕ್ಷೆ. ಮೂಲಚಿತ್ರದ ಅಳತೆಯದೇ ಇನ್ನೊಂದು ಚಿತ್ರದಲ್ಲಿ ಹತ್ತಿರದ್ದಕ್ಕೆ ಕಪ್ಪು, ದೂರದ್ದಕ್ಕೆ ಬಿಳಿ, ನಡುವಿನದಕ್ಕೆ ಬೂದುಬಣ್ಣ ತುಂಬಬೇಕು. ಇದೇ ಮಂಜಿನ ಲೇಯರ್‌ಗೆ ಮಾಸ್ಕ್ ಆಗುತ್ತದೆ. ಇತ್ತೀಚಿನ ತಂತ್ರಾಂಶಗಳು ಈ ನಕ್ಷೆಯನ್ನು ತಾವೇ ಅಂದಾಜು ಮಾಡಿ ಕೊಡುತ್ತವೆ. ಆದರೆ ಅದು ಅಂದಾಜು ಮಾತ್ರ. ಬಿದಿರುಮೆಳೆಯ ಸಂದುಗಳಲ್ಲಿ, ಬಳ್ಳಿಗಳು ಹೆಣೆದುಕೊಂಡ ಕಡೆಗಳಲ್ಲಿ ಅದು ಎಡವುತ್ತದೆ. ಆ ಜಾಗದಲ್ಲಿ ನಡೆದಾಡಿದವನು ಕೈಯಿಂದ ತಿದ್ದಬೇಕು.

ಮೂರನೆಯದು ಬಣ್ಣ. ಶುದ್ಧ ಬಿಳಿಯನ್ನು ಎಂದೂ ಬಳಸಬಾರದು. ಚಿತ್ರದಲ್ಲಿ ಆಕಾಶವು ಬೆಟ್ಟವನ್ನು ತಾಗುವ ಕಡೆಯ ಬಣ್ಣವನ್ನೇ ಆರಿಸಿಕೊಂಡು ಮಂಜಿನ ಲೇಯರ್ ತುಂಬಬೇಕು. ಮೇಲೆ ಹೇಳಿದ ಲೆಕ್ಕದಂತೆ, ಪ್ರತಿ ಅಂತರದಲ್ಲಿ ಮೂಲ ಬಣ್ಣದ ಒಂದು ಪಾಲು ಉಳಿದು ಮಿಕ್ಕ ಪಾಲು ಮಂಜಿನ ಬಣ್ಣವಾಗಬೇಕು. ಇಷ್ಟಾದರೆ ದೂರದ ಕಪ್ಪು ಮಾಸುವುದು, ಹಸಿರು ಸಪ್ಪೆಯಾಗುವುದು ತಾನಾಗಿ ನಡೆಯುತ್ತದೆ. ದೂರದ ಮರಗಳನ್ನು ಮಸುಕುಗೊಳಿಸುವ ಆಸೆ ಹಲವರಿಗೆ. ಅದು ತೀರ ಅಲ್ಪವಾಗಿರಬೇಕು. ಮಂಜು ಮುಖ್ಯವಾಗಿ ವ್ಯತ್ಯಾಸವನ್ನು ಅಳಿಸುತ್ತದೆಯೇ ಹೊರತು ಅಂಚನ್ನು ಕಲಸುವುದಿಲ್ಲ.

ನಾಲ್ಕನೆಯದು ಏರಿಳಿತ. ನಿಜವಾದ ಮಂಜು ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಮೋಡದಂತಹ ಅಸ್ತವ್ಯಸ್ತ ವಿನ್ಯಾಸವೊಂದನ್ನು ತೆಳುವಾಗಿ ಬೆರೆಸಬೇಕು. ಕಣಿವೆ ಮಂಜಾದರೆ ಆ ವಿನ್ಯಾಸವನ್ನು ಅಡ್ಡಕ್ಕೆ ಎಳೆದು ಚಪ್ಪಟೆಯಾಗಿಸಬೇಕು. ಗಿರಿಮಂಜಾದರೆ ಗಾಳಿ ಏರುವ ದಿಕ್ಕಿಗೆ ಓರೆಯಾಗಿಸಬೇಕು.

ಕೊನೆಯದಾಗಿ ಹದ. ಸಾಮಾನ್ಯ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಿರುತ್ತವೆ. ಮಂಜಿನಂತಹ ನವಿರಾದ ಬದಲಾವಣೆಗೆ ಅದು ಸಾಲದೆ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ. 16 ಬಿಟ್‌ನಲ್ಲಿ ಕೆಲಸ ಮಾಡಿದರೆ ಈ ದೋಷ ತಪ್ಪುತ್ತದೆ. ಸೇರಿಸಿದ ಮಂಜು ಗಾಜಿನಂತೆ ನುಣುಪಾಗಿರುವುದರಿಂದ, ಮೂಲಚಿತ್ರದಲ್ಲಿರುವಷ್ಟೇ ಕಾಳುಕಾಳನ್ನು ಅದಕ್ಕೂ ಸೇರಿಸಬೇಕು.

ಸಿಕ್ಕಿಬೀಳುವ ತಪ್ಪುಗಳು

ಹುಸಿಮಂಜು ಸಿಕ್ಕಿಬೀಳುವುದು ಹೆಚ್ಚಾಗಿ ತಂತ್ರದ ದೋಷದಿಂದಲ್ಲ, ಕಾಡಿನ ಅಜ್ಞಾನದಿಂದ. ಮುಂದಿನ ಕಾಂಡದ ಮೇಲೂ ಹಿಂದಿನ ಕಾಂಡದ ಮೇಲೂ ಒಂದೇ ದಪ್ಪದ ಮಂಜು ಬಳಿದಿರುತ್ತಾರೆ. ಸೂರ್ಯಕಿರಣಗಳ ಕೋಲುಗಳು ಒಂದೇ ಕೇಂದ್ರದಿಂದ ಹೊರಡದೆ ದಿಕ್ಕಾಪಾಲಾಗಿ ಬಿದ್ದಿರುತ್ತವೆ. ಮಂಜು ದಟ್ಟವಾಗಿದ್ದರೂ ಜೇಡರ ಬಲೆ ಒಣಗಿರುತ್ತದೆ; ಮಂಜಿನ ಮುಂಜಾವಿನಲ್ಲಿ ಬಲೆಯೆಂದರೆ ಮುತ್ತಿನ ಸರ. ಬಂಡೆ ಒಣಗಿ ಬೆಳ್ಳಗಿರುತ್ತದೆ, ದಾರಿಯಲ್ಲಿ ಧೂಳೇಳುತ್ತಿರುತ್ತದೆ, ಮೇಲೆ ಮಾತ್ರ ಆಷಾಢದ ಮಂಜು. ಎಲೆಯುದುರಿದ ಮಾರ್ಚಿಯ ಕಾಡಿಗೆ ಜುಲೈ ತಿಂಗಳ ಗಿರಿಮಂಜು ಹೊದಿಸಿದರೆ ಪೇಟೆಯವರು ಮೆಚ್ಚಬಹುದು. ಸೊಪ್ಪು ಕಡಿಯಲು ಹೋಗುವ ಹೆಂಗಸು ಒಂದೇ ನೋಟಕ್ಕೆ ನಗುತ್ತಾಳೆ.

ಹಳೆಯ ಕಲೆ, ಹೊಸ ವೇಗ

ಇದು ಗಣಕಯಂತ್ರದ ಕಾಲದ ಚಟವೆಂದು ತಿಳಿಯಬೇಕಿಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸುತ್ತಿದ್ದರು. ಚೀನಾದ ಲಾಂಗ್ ಚಿನ್-ಸಾನ್ ಹಲವು ನೆಗೆಟಿವ್‌ಗಳನ್ನು ಕತ್ತಲಕೋಣೆಯಲ್ಲಿ ಜೋಡಿಸಿ, ಚೀನೀ ಸಾಂಪ್ರದಾಯಿಕ ಭೂದೃಶ್ಯ ಚಿತ್ರಗಳಂತೆ ಬೆಟ್ಟ, ಮರ, ಮಂಜುಗಳ ಛಾಯಾಚಿತ್ರಗಳನ್ನು ರಚಿಸಿದರು. ಅವರು ತಮ್ಮ ವಿಧಾನವನ್ನು ಮುಚ್ಚಿಡಲಿಲ್ಲ. ಸಂಯೋಜಿತ ಚಿತ್ರ ಎಂದೇ ಕರೆದು ಅದರ ಬಗ್ಗೆ ಬರೆದರು. ನೋಡುವವನಿಗೆ ತಾನು ನೋಡುತ್ತಿರುವುದು ಒಂದು ಜಾಗವಲ್ಲ, ಒಂದು ಕಲ್ಪನೆ ಎಂಬುದು ಗೊತ್ತಿತ್ತು. ಅಲ್ಲಿ ಮೋಸವಿರಲಿಲ್ಲ.

ಬದಲಾದದ್ದು ವೇಗ. 2009ರಲ್ಲಿ ಕೈಮಿಂಗ್ ಹೆ ಮತ್ತು ಸಂಗಡಿಗರು ಒಂದೇ ಚಿತ್ರದಿಂದ ಮಂಜನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಮಂಜಿಲ್ಲದ ಹೊರಾಂಗಣ ಚಿತ್ರದ ಯಾವುದೇ ಪುಟ್ಟ ತುಣುಕಿನಲ್ಲೂ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿಗಳಲ್ಲಿ ಒಂದಾದರೂ ಬಹುತೇಕ ಕಪ್ಪಾಗಿರುತ್ತದೆ. ಮಂಜು ಬಂದಾಗ ಆ ಕಪ್ಪು ತುಂಬಿಕೊಳ್ಳುತ್ತದೆ. ಎಷ್ಟು ತುಂಬಿದೆ ಎಂಬುದರಿಂದ ಮಂಜಿನ ದಪ್ಪ ತಿಳಿಯುತ್ತದೆ ಎಂಬುದು ಅವರ ಗ್ರಹಿಕೆ. 2015ರಲ್ಲಿ ಅಡೋಬಿ ಸಂಸ್ಥೆಯ ತಂತ್ರಾಂಶಗಳಲ್ಲಿ ಡಿಹೇಜ್ ಎಂಬ ಪಟ್ಟಿ ಬಂತು. ಒಂದು ಕಡೆಗೆ ಎಳೆದರೆ ಮಬ್ಬು ಹೋಗುತ್ತದೆ, ಇನ್ನೊಂದು ಕಡೆಗೆ ಎಳೆದರೆ ಮಬ್ಬು ಕವಿಯುತ್ತದೆ. ಈಗಂತೂ ನಾಲ್ಕು ಮಾತು ಬರೆದರೆ ಯಾವ ಊರಿನದೂ ಅಲ್ಲದ ಮಂಜಿನ ಕಾಡನ್ನೇ ಯಂತ್ರ ಬರೆದುಕೊಡುತ್ತದೆ. ಲಾಂಗ್ ಚಿನ್-ಸಾನ್ ಕತ್ತಲಕೋಣೆಯಲ್ಲಿ ಶ್ರಮಪಟ್ಟು ಮಾಡುತ್ತಿದ್ದುದನ್ನು ಇಂದು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಮಾಡಬಹುದು. ವಿಧಾನವನ್ನು ಹೇಳಿಕೊಳ್ಳುವ ಅಭ್ಯಾಸ ಮಾತ್ರ ಹಿಂದೆ ಉಳಿಯಿತು.

ಫ್ರಾಂಕ್ಲಿನ್ ನದಿಯ ಮುಂಜಾವು

ಪರಿಸರ ಹೋರಾಟದಲ್ಲಿ ಒಂದು ಮಂಜಿನ ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪ ಸಾಕ್ಷಿ. ಅಲ್ಲಿ ಪೆಡ್ಡರ್ ಎಂಬ ಸರೋವರವಿತ್ತು. 1972ರಲ್ಲಿ ಜಲವಿದ್ಯುತ್ ಯೋಜನೆಯೊಂದು ಅದನ್ನು ಮುಳುಗಿಸಿತು. ಅದರ ಚಿತ್ರಗಳನ್ನು ಊರೂರಿಗೆ ಕೊಂಡೊಯ್ದು ತೋರಿಸುತ್ತಿದ್ದ ಓಲೆಗಾಸ್ ಟ್ರುಚಾನಾಸ್ ಅದೇ ವರ್ಷದ ಆರಂಭದಲ್ಲಿ ಗಾರ್ಡನ್ ನದಿಯಲ್ಲಿ ಮುಳುಗಿ ಮೃತರಾದರು. ಅದಕ್ಕೆ ಮೊದಲು, 1967ರ ಕಾಡ್ಗಿಚ್ಚಿನಲ್ಲಿ ಅವರ ಮನೆಯೊಂದಿಗೆ ಚಿತ್ರಸಂಗ್ರಹವೂ ಸುಟ್ಟುಹೋಗಿತ್ತು. ಅವರು ಮತ್ತೆ ಕಾಡಿಗೆ ಹೋಗಿ ಮತ್ತೆ ಚಿತ್ರ ತೆಗೆಯತೊಡಗಿದ್ದರು. ಅವರ ಒಡನಾಟದಲ್ಲಿ ಬೆಳೆದವರು ಪೀಟರ್ ಡೊಂಬ್ರೊವ್‌ಸ್ಕಿಸ್.

ಮುಂದೆ ಫ್ರಾಂಕ್ಲಿನ್ ನದಿಯನ್ನು ಮುಳುಗಿಸುವ ಅಣೆಕಟ್ಟೆಯ ಯೋಜನೆ ಬಂತು. 1982ರ ಡಿಸೆಂಬರ್ 14ರಂದು ಜನರು ದಾರಿಗೆ ಅಡ್ಡನಿಂತರು. ಕೆಲವೇ ತಿಂಗಳಲ್ಲಿ 1,200ಕ್ಕೂ ಹೆಚ್ಚು ಜನರ ಬಂಧನವಾಯಿತು. ನದಿಯ ಆ ಭಾಗ ರಸ್ತೆಯಿಲ್ಲದ ದುರ್ಗಮ ಪ್ರದೇಶ. ಮತದಾರರಲ್ಲಿ ಬಹುತೇಕರು ಅದನ್ನು ಕಂಡವರಲ್ಲ. ಡೊಂಬ್ರೊವ್‌ಸ್ಕಿಸ್ ಭಾರವಾದ ದೊಡ್ಡ ಕ್ಯಾಮೆರಾ ಹೊತ್ತು ತೆಪ್ಪದಲ್ಲಿ ಸಾಗಿ, ರಾಕ್ ಐಲೆಂಡ್ ಬೆಂಡ್ ಎಂಬ ತಿರುವಿನಲ್ಲಿ ಮುಂಜಾವಿನ ಮಂಜನ್ನು ಸೆರೆಹಿಡಿದಿದ್ದರು. ನಡುವೆ ಕಪ್ಪು ಬಂಡೆಯ ದ್ವೀಪ, ಸುತ್ತ ನೊರೆಯ ನೀರು, ಹಿಂದೆ ಕಾಡಿನ ಮೇಲೆ ತೇಲುವ ಮಂಜು. 1983ರ ಮಾರ್ಚ್ 5ರ ಚುನಾವಣೆಗೆ ಮೊದಲು ಆ ಚಿತ್ರ ಪತ್ರಿಕೆಗಳಲ್ಲಿ ಪುಟದಗಲಕ್ಕೆ, ಬಣ್ಣದಲ್ಲಿ ಪ್ರಕಟವಾಯಿತು. ಅಣೆಕಟ್ಟೆಯನ್ನು ತಡೆಯುವ ವಚನವಿತ್ತ ಪಕ್ಷ ಗೆದ್ದಿತು. 1983ರ ಜುಲೈ 1ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 4-3ರ ಬಹುಮತದಿಂದ ಅಣೆಕಟ್ಟೆಗೆ ತಡೆಯೊಡ್ಡಿದ ಕೇಂದ್ರ ಸರಕಾರದ ಅಧಿಕಾರವನ್ನು ಎತ್ತಿಹಿಡಿಯಿತು. ಫ್ರಾಂಕ್ಲಿನ್ ಇಂದಿಗೂ ಹರಿಯುತ್ತಿದೆ.

ಚಿತ್ರವೊಂದರಿಂದಲೇ ಇದಾಯಿತೆಂದು ಹೇಳುವುದು ಅತಿಶಯ. ಬಂಧನಕ್ಕೆ ಒಳಗಾದವರ ತ್ಯಾಗವೂ ಕಾನೂನಿನ ಹೋರಾಟವೂ ಅದರ ಹಿಂದಿದ್ದವು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬಹುದು. ಆ ಮಂಜು ಕತ್ತಲಕೋಣೆಯಲ್ಲಿ ಬಳಿದದ್ದು ಎಂದು ಚುನಾವಣೆಯ ಹಿಂದಿನ ದಿನ ಬಯಲಾಗಿದ್ದರೆ? ನದಿ ಅದೇ ನದಿ, ಕಾಡು ಅದೇ ಕಾಡು. ಆದರೆ "ಇವರ ಮಂಜೇ ಸುಳ್ಳು, ಇವರ ನದಿಯೂ ಸುಳ್ಳು" ಎನ್ನಲು ಎದುರಾಳಿಗಳಿಗೆ ಅಷ್ಟೇ ಸಾಕಾಗುತ್ತಿತ್ತು. ಆ ಚಿತ್ರದ ಬಲ ಅದರ ಸೌಂದರ್ಯದಲ್ಲಿ ಅರ್ಧ. ಉಳಿದರ್ಧ, ಅಲ್ಲಿಗೆ ಹೋದವನಿಗೆ ಆ ತಿರುವು, ಆ ಬಂಡೆ, ಅಂತಹ ಮಂಜು ಸಿಗುತ್ತದೆ ಎಂಬುದರಲ್ಲಿ.

ಮಂಜಿನ ಹಿಂದೆ ಅಡಗುವುದು

ಮಂಜು ಸೇರಿಸುವುದು ಎಂಬ ಮಾತಿನಲ್ಲಿಯೇ ಒಂದು ಭ್ರಮೆಯಿದೆ. ಚಿತ್ರಕ್ಕೆ ಏನೋ ಕೂಡಿದಂತೆ ತೋರುತ್ತದೆ, ವಾಸ್ತವದಲ್ಲಿ ಕಳೆಯುತ್ತದೆ. ದೂರದ ಕಾಡಿನ ಶೇ. 10 ಮಾತ್ರ ಉಳಿಯುವಷ್ಟು ಮಂಜು ಬಳಿದರೆ, ಅಲ್ಲಿದ್ದ 256 ಮಟ್ಟಗಳು ಸುಮಾರು 25ಕ್ಕೆ ಕುಗ್ಗುತ್ತವೆ. ಅದನ್ನು ಹಾಗೆಯೇ ಉಳಿಸಿ ಮೂಲವನ್ನು ಅಳಿಸಿದರೆ ಕಳೆದುಹೋದ ವಿವರವನ್ನು ಯಾವ ಡಿಹೇಜ್ ಪಟ್ಟಿಯೂ ಪೂರ್ತಿಯಾಗಿ ಮರಳಿ ತರಲಾರದು. ಕ್ಯಾಮೆರಾ ಕಂಡಿದ್ದ ಮರಗಳನ್ನು ಮನುಷ್ಯ ಅಳಿಸಿದಂತಾಯಿತು.

ಅಳಿದುಹೋಗುವುದು ಏನು? ಹಿಂದಿನ ಗುಡ್ಡದಲ್ಲಿ ಮಳೆಗೆ ಜಾರಿದ ಮಣ್ಣಿನ ಕೆಂಪು ಗೆರೆ ಇರಬಹುದು. ಹೊಸದಾಗಿ ಕಡಿದ ರಸ್ತೆ ಇರಬಹುದು. ಒಂದೇ ವಯಸ್ಸಿನ, ಒಂದೇ ಸಾಲಿನ ಅಕೇಶಿಯಾ ನೆಡುತೋಪು ಇರಬಹುದು. ಮಂಜಿನಲ್ಲಿ ನೆಡುತೋಪಿಗೂ ನಿತ್ಯಹರಿದ್ವರ್ಣದ ಕಾಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಶೋಲೆಯ ಅಂಚು ಎಲ್ಲಿ ಮುಗಿದು ಹುಲ್ಲುಗಾವಲು ಎಲ್ಲಿ ಆರಂಭವಾಯಿತು ಎಂಬುದು ಮುಂದಿನ ಪೀಳಿಗೆಗೆ ಬಹಳ ಬೆಲೆಬಾಳುವ ಮಾಹಿತಿ, ಅದೂ ಮುಚ್ಚಿಹೋಗುತ್ತದೆ. ಅತಿಥಿಗೃಹದ ಜಾಹೀರಾತಿಗೆ ಇದರಿಂದ ಲಾಭವಿರಬಹುದು. ಕಾಡಿನ ಸ್ಥಿತಿಯನ್ನು ಊರಿಗೆ ತಿಳಿಸಬೇಕಾದ ಪತ್ರಿಕೆಗೆ ಇದು ನಷ್ಟ.

ಎರಡನೆಯ ನಷ್ಟ ಇನ್ನೂ ದೊಡ್ಡದು. ಮಂಜು ಅಲಂಕಾರವಲ್ಲ, ಅದೊಂದು ದಾಖಲೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾಡಿಗೆ ವರ್ಷದಲ್ಲಿ ಸೇರಿದ ನೀರಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಎಲೆಗಳು ಮಂಜಿನಿಂದ ಸೋಸಿಕೊಂಡು ತೊಟ್ಟಿಕ್ಕಿಸಿದ ನೀರಾಗಿತ್ತು. ಅದೇ ಕರಾವಳಿಯಲ್ಲಿ 20ನೇ ಶತಮಾನದ ಆರಂಭದಿಂದ ಬೇಸಿಗೆಯ ಮಂಜು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾಗಿದೆ ಎಂದು 2010ರ ಅಧ್ಯಯನ ಅಂದಾಜು ಮಾಡಿತು. ಕೋಸ್ಟರಿಕಾದ ಮಾಂಟೆವರ್ಡೆ ಎಂಬ ಮೋಡಗಾಡಿನಲ್ಲಿ ಮಂಜಿಲ್ಲದ ದಿನಗಳು ಹೆಚ್ಚಿದ್ದನ್ನು 1999ರಲ್ಲಿ ವಿಜ್ಞಾನಿಗಳು ಅಲ್ಲಿಯ ಕಪ್ಪೆಗಳ ಕುಸಿತದೊಂದಿಗೆ ಹೋಲಿಸಿ ನೋಡಿದರು. ಅಲ್ಲಿಯೇ ಇದ್ದ ಹೊಂಬಣ್ಣದ ನೆಲಗಪ್ಪೆಯೊಂದು 1989ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಕೆಳಗಿನ ಬಯಲಿನ ಕಾಡು ಕಡಿದರೆ ಮೇಲಿನ ಬೆಟ್ಟದ ಮೋಡವೂ ಬದಲಾಗಬಹುದೆಂದು 2001ರ ಅಧ್ಯಯನ ತೋರಿಸಿತು. ಕಾರಣಗಳ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯಿದೆ. ಆದರೆ ಮಂಜನ್ನು ದಿನದಿನವೂ ದಾಖಲಿಸಿದ್ದರಿಂದಲೇ ಚರ್ಚೆ ಸಾಧ್ಯವಾಯಿತು.

ಮಲೆನಾಡಿನ ಕೃಷಿಕರಿಗೂ ಮಂಜು ಮಾಹಿತಿಯೇ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಅದು ಗೊನೆಯ ಮೇಲೆ ಒಣಗಲು ಬಿಡುವು ಬೇಕು. ದಿನಗಟ್ಟಲೆ ಮಳೆ-ಮಂಜು ಬಿಡದಿದ್ದರೆ ಕೊಳೆರೋಗಕ್ಕೆ ಹಬ್ಬ. ಕಾಂಡದ ಹಾವಸೆ, ಕೊಂಬೆಯ ಸೀತಾಳೆ ಹೂವು, ಎಲೆಯ ಮೇಲಿನ ಶಿಲೀಂಧ್ರ ಎಲ್ಲವೂ ಮಂಜಿನ ಲೆಕ್ಕ ಇಟ್ಟಿರುತ್ತವೆ. ಈ ಲೆಕ್ಕಕ್ಕೆ ಊರಿನ ಹುಡುಗ ಹುಡುಗಿಯರ ಮೊಬೈಲುಗಳು ಇಂದು ದೊಡ್ಡ ಆಸ್ತಿ. ಪ್ರತಿ ಚಿತ್ರದೊಂದಿಗೂ ದಿನಾಂಕ ಮತ್ತು ವೇಳೆ ತಾನಾಗಿ ದಾಖಲಾಗುತ್ತದೆ. 30 ವರ್ಷಗಳ ನಂತರ ಯಾರೋ ವಿದ್ಯಾರ್ಥಿನಿ, ಈ ಕಣಿವೆಯಲ್ಲಿ ಡಿಸೆಂಬರಿನ ಮಂಜು ಎಷ್ಟಿತ್ತು ಎಂದು ಹುಡುಕಿ ಈ ಚಿತ್ರಗಳನ್ನು ತೆರೆದಾಗ, ಅವುಗಳಲ್ಲಿ ಅರ್ಧದಷ್ಟು ಮಂಜು ಬೆರಳಿನಿಂದ ಬಳಿದದ್ದಾಗಿದ್ದರೆ ಅವಳ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಹುಸಿಮಂಜು ಇಂದಿನ ನೋಡುಗನಿಗಿಂತ ನಾಳೆಯ ನೋಡುಗನಿಗೆ ಮಾಡುವ ಅನ್ಯಾಯ ಹೆಚ್ಚಿನದು.

ಮೂರನೆಯದು ಸಾಕ್ಷ್ಯದ ಮಾತು. ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆಗೋ ನ್ಯಾಯಾಲಯಕ್ಕೋ ಊರಿನವರು ಕೊಂಡೊಯ್ಯುವ ಚಿತ್ರ ಪರೀಕ್ಷೆಗೆ ಒಳಗಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಇಂತಹ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಒಂದು ಚುಕ್ಕೆ ತಿದ್ದಿದರೂ ಅದು ಬದಲಾಗುತ್ತದೆ. ಅಂದಕ್ಕಾಗಿ ಬಳಿದ ತುಸು ಮಂಜು, ಉಳಿದ ಹತ್ತು ನಿಜವಾದ ಚಿತ್ರಗಳನ್ನೂ ಅನುಮಾನಕ್ಕೆ ದೂಡಬಲ್ಲದು. ಜಾಗತಿಕ ಸುದ್ದಿಚಿತ್ರ ಸ್ಪರ್ಧೆಯಾದ ವರ್ಲ್ಡ್ ಪ್ರೆಸ್ ಫೋಟೋದಲ್ಲಿ 2015ರಲ್ಲಿ ಅಂತಿಮ ಸುತ್ತಿಗೆ ಮೊದಲಿನ ಹಂತ ತಲುಪಿದ ಚಿತ್ರಗಳಲ್ಲಿ ಸುಮಾರು ಶೇ. 20ರಷ್ಟು ಮಿತಿಮೀರಿದ ತಿದ್ದುಪಡಿಗಾಗಿ ತಿರಸ್ಕೃತವಾದವು. ನುರಿತವರೇ ಎಡವುವ ಜಾಗ ಇದು.

ಪಾಲಿಸಬಹುದಾದ ಕ್ರಮ

ಹಾಗಾದರೆ ಮಂಜು ಕಟ್ಟುವುದೇ ತಪ್ಪೇ? ಅಲ್ಲ. ನಾಟಕದ ಪರದೆಗೆ, ಕಥೆಯ ಪುಸ್ತಕದ ಮುಖಪುಟಕ್ಕೆ, ಶುಭಾಶಯ ಪತ್ರಕ್ಕೆ ಮಂಜು ಕಟ್ಟಲು ಯಾರ ಅಡ್ಡಿಯೂ ಇಲ್ಲ. ಯಕ್ಷಗಾನದ ವೇಷಕ್ಕೆ ಬಣ್ಣ ಬಳಿದವನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ. ಅದೇ ಬಣ್ಣ ಬಳಿದು ಸಾಕ್ಷಿ ಹೇಳಲು ಹೋದರೆ ಮಾತ್ರ ಪ್ರಶ್ನೆ.

ಆದುದರಿಂದ ಕೆಲವು ಸರಳ ಕ್ರಮಗಳು ಸಾಕು. ಮೂಲಚಿತ್ರವನ್ನು ಎಂದಿಗೂ ಅಳಿಸಬಾರದು, ತಿದ್ದುವುದೇನಿದ್ದರೂ ಪ್ರತಿಯಲ್ಲಿ. ಮಂಜು ಸೇರಿಸಿದ ಚಿತ್ರದ ಕೆಳಗೆ "ಮಂಜು ಸೇರಿಸಲಾಗಿದೆ" ಎಂದು ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಕಾಡಿನ ಸ್ಥಿತಿ, ಗಿಡ-ಪ್ರಾಣಿ ಗಣತಿ, ಭೂಕುಸಿತ, ಅತಿಕ್ರಮಣ, ಅಹವಾಲು ಇವುಗಳಿಗೆ ಸಂಬಂಧಿಸಿದ ಚಿತ್ರಗಳಿಗೆ ಮಂಜನ್ನು ಸೇರಿಸಲೂಬಾರದು, ಇದ್ದ ಮಂಜನ್ನು ತೆಗೆಯಲೂಬಾರದು. ಪ್ರತಿ ಚಿತ್ರಕ್ಕೂ ಜಾಗ, ದಿಕ್ಕು, ದಿನಾಂಕ, ವೇಳೆ ಬರೆದಿಡಬೇಕು. ಚಿತ್ರದ ತಿದ್ದುಪಡಿಯ ಇತಿಹಾಸವನ್ನು ಕಡತದಲ್ಲಿಯೇ ಹೊಲಿದಿಡುವ ತಂತ್ರವನ್ನು 2021ರಲ್ಲಿ ರಚನೆಯಾದ ಸಿ2ಪಿಎ ಎಂಬ ಒಕ್ಕೂಟ ರೂಪಿಸಿದೆ. ಕೆಲವು ಕ್ಯಾಮೆರಾ ಮತ್ತು ತಂತ್ರಾಂಶಗಳಲ್ಲಿ ಅದು ಬಂದಿದೆ. ಬಾರದ ಕಡೆ ಒಂದು ನೋಟುಪುಸ್ತಕ ಸಾಕು.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಮನೆಯ ಹತ್ತಿರ, ಒಂದೇ ನೋಟದಲ್ಲಿ ನಾಲ್ಕು ಮರಗಳು ಕಾಣುವ ಜಾಗವನ್ನು ಆರಿಸಿಕೊಳ್ಳಬೇಕು. ಒಂದು 50 ಹೆಜ್ಜೆಯಲ್ಲಿ, ಇನ್ನೊಂದು 100, ಮತ್ತೊಂದು 200, ಕೊನೆಯದು 400. ಕ್ಯಾಮೆರಾ ಇಡುವ ಕಲ್ಲಿಗೆ ಗುರುತು ಮಾಡಿ, ವಾರಕ್ಕೊಮ್ಮೆ ಒಂದೇ ವೇಳೆಗೆ ಚಿತ್ರ ತೆಗೆಯಬೇಕು. ಮಂಜಿದ್ದರೂ ತೆಗೆಯಬೇಕು, ಇಲ್ಲದಿದ್ದರೂ ತೆಗೆಯಬೇಕು. ವರ್ಷದ ಕೊನೆಗೆ ಮಂಜಿಲ್ಲದ ಚಿತ್ರವೊಂದನ್ನು ತೆಗೆದುಕೊಂಡು, ಮೇಲೆ ಹೇಳಿದ ವಿಧಾನದಲ್ಲಿ ಮಂಜು ಕಟ್ಟಿ, ನಿಜವಾದ ಮಂಜಿನ ಚಿತ್ರದ ಪಕ್ಕದಲ್ಲಿಡಬೇಕು. ಎರಡರ ನಡುವೆ ಕಾಣುವ ಪ್ರತಿಯೊಂದು ವ್ಯತ್ಯಾಸವೂ ಒಂದು ಪಾಠ. ಆಮೇಲೆ ಎರಡನ್ನೂ ಮನೆಯ ಹಿರಿಯರಿಗೆ ತೋರಿಸಿ, ನಿಜವಾದದ್ದು ಯಾವುದೆಂದು ಕೇಳಬೇಕು. ಅವರು ಕೊಡುವ ಕಾರಣಗಳನ್ನು ಬರೆದುಕೊಳ್ಳಬೇಕು. ಮಂಜಿನ ಬಗ್ಗೆ ಊರಿಗೆ ತಿಳಿದಿರುವುದೆಲ್ಲ ಆ ಕಾರಣಗಳಲ್ಲಿರುತ್ತದೆ; ಅವು ಯಾವ ಪಠ್ಯದಲ್ಲಿಯೂ ಅಚ್ಚಾಗಿಲ್ಲ.

ಹುಸಿಮಂಜು ಕಟ್ಟಲು ಕಲಿತವನು ಅದನ್ನು ನಿಜವೆಂದು ಮಾರಿದರೆ ಕಾಡಿಗೆ ನಷ್ಟ. ಕಲಿತ ಮೇಲೆ ನಿಜವಾದ ಮಂಜಿಗಾಗಿ ನಸುಕಿನಲ್ಲೆದ್ದು ಕಾಯುವಂತಾದರೆ ಕಾಡಿಗೊಬ್ಬ ಕಾವಲುಗಾರ ಸಿಕ್ಕಂತೆ. ಈ ಶಿಬಿರದಿಂದ ಅಂತಹ ಹತ್ತು ಮಂದಿ ಹೊರಬರಲಿ ಎಂಬ ಹಾರೈಕೆಯೊಂದಿಗೆ ಈ ಮಾತುಗಳು ಮುಗಿಯುತ್ತವೆ.